ಬೀಜದ ತೇವ ಅಳೆಯುತ್ತೇವೆ, ಆಫೀಸಿನದ್ದು?

ಮಡಿಕೇರಿಯಲ್ಲಿ ಕಾಫಿ ಖರೀದಿ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ. ಲೆಕ್ಕ, ಸಂಬಳ, ಕಡತ, ಕೊನೆಗೆ ಫ್ಯಾನ್ ರಿಪೇರಿವರೆಗೂ ಎಲ್ಲ ನನ್ನ ತಲೆ ಮೇಲೆಯೇ. ಒಂದು ಕಡೆ ಗೋದಾಮು, ಅದಕ್ಕೆ ಅಂಟಿಕೊಂಡು ಆಫೀಸು, ಹಿಂದಿನ ಗೋಡೆಯ ಆಚೆಗೇ ಬರೆ, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ದಿಬ್ಬ. ಗುಡ್ಡ ಕಡಿದು ಕಟ್ಟಿದ ಕಟ್ಟಡ ಅಂದರೆ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಒದ್ದೆಯಾದ ಆ ಗೋಡೆ ಸೆಪ್ಟೆಂಬರ್ ಮುಗಿಯುವವರೆಗೂ ಒಣಗುವ ಮಾತೇ ಇಲ್ಲ.

"ಮಡಿಕೇರಿ ಅಂದ್ಮೇಲೆ ಬೂಷ್ಟು ಇರಲ್ವಾ?" ಇದು ನಮ್ಮಲ್ಲಿ ಎಲ್ಲದಕ್ಕೂ ಉತ್ತರ. ಬೆಲ್ಟಿಗೆ ಬಂದರೂ ಅದೇ, ಚಪ್ಪಲಿಗೆ ಬಂದರೂ ಅದೇ, ಲೆಡ್ಜರಿಗೆ ಬಂದರೂ ಅದೇ. ಬಿಲ್ಲಿಂಗ್ ನೋಡಿಕೊಳ್ಳುವ ಹುಡುಗಿ ಕೆಮ್ಮಲು ಶುರು ಮಾಡಿದಾಗಲೂ "ಕಕ್ಕಡ ತಿಂಗಳು, ಎಲ್ಲರಿಗೂ ಶೀತ" ಅಂದರು. ಕಕ್ಕಡ ಅಂದರೆ ಕೊಡಗಿನಲ್ಲಿ ಜೋರು ಮಳೆಯ ತಿಂಗಳು. ಅವಳಿಗೆ ಚಿಕ್ಕಂದಿನಿಂದ ಸ್ವಲ್ಪ ಉಬ್ಬಸ ಇತ್ತು. ಆದರೆ ವರ್ಷಗಟ್ಟಲೆ ಇನ್‌ಹೇಲರ್ ಮುಟ್ಟಿರಲಿಲ್ಲ. ಈಗ ಅದು ಬ್ಯಾಗಿನಿಂದ ಮೇಜಿನ ಮೇಲೆ ಬಂದು ಕೂತಿತ್ತು. ಗೋದಾಮಿನ ಮೇಸ್ತ್ರಿಗೆ ಬೆಳಗ್ಗೆ ಆಫೀಸು ತೆಗೆದ ಕೂಡಲೇ ಸೀನು. ನನಗೆ ಕಣ್ಣುರಿ.

ಡಾಕ್ಟರ್ ಅವಳಿಗೆ ಒಂದು ಸರಳ ಕೆಲಸ ಹೇಳಿದರು. ಕೆಮ್ಮು ಯಾವಾಗ, ಎಲ್ಲಿ ಜಾಸ್ತಿ ಅಂತ ಬರೆದಿಡಿ. ಅವಳ ಜೊತೆ ನಾವೂ ಬರೆದೆವು. ಕೆಲವು ವಾರಗಳಲ್ಲಿ ಒಂದು ಚಿತ್ರ ಕಾಣತೊಡಗಿತು. ಭಾನುವಾರ ಅವಳು ಆರಾಮ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಎದೆ ಬಿಗಿತ. ಶನಿವಾರದ ಹೊತ್ತಿಗೆ ರಾತ್ರಿ ನಿದ್ದೆ ಇಲ್ಲ. ಅವಳ ಮನೆಯೂ ಮಡಿಕೇರಿಯಲ್ಲೇ, ಅಲ್ಲೂ ಅದೇ ಮಳೆ, ಅದೇ ಮಂಜು. ಹಾಗಾದರೆ ಬರೀ ಮಳೆಗಾಲದ ಶೀತ ಅಂತ ಹೇಗೆ ಹೇಳುವುದು? ಕೆಲಸದ ಜಾಗ ಬಿಟ್ಟಾಗ ಕಡಿಮೆಯಾಗಿ, ಹಿಂದಿರುಗಿದಾಗ ಜಾಸ್ತಿಯಾಗುವ ಕೆಮ್ಮನ್ನು ಡಾಕ್ಟರುಗಳು ಬೇರೆ ಕಣ್ಣಿನಿಂದಲೇ ನೋಡುತ್ತಾರೆ. ಆ ನೋಟ್‌ಬುಕ್ಕಿನಿಂದ ಅವಳಿಗೆ ಸರಿಯಾದ ಔಷಧಿ ಸಿಕ್ಕಿತು, ನನಗೆ ಮಾಲೀಕರ ಮುಂದೆ ಕೂರುವ ಧೈರ್ಯ ಬಂತು.

ಬೂಷ್ಟು ಎಲ್ಲಿದೆ ಅಂತ ಹುಡುಕುವುದಕ್ಕೆ ಮೂಗೇ ಸಾಕಾಯಿತು. ಹಿಂದಿನ ಗೋಡೆಗೆ ಒರಗಿಸಿದ್ದ ದೊಡ್ಡ ಬೀರುವಿನ ಹತ್ತಿರ ಹಳೇ ಗೋಣಿಯ ವಾಸನೆ. ಇಬ್ಬರು ಸೇರಿ ಬೀರುವನ್ನು ಈಚೆಗೆ ಎಳೆದೆವು. ಹಿಂದೆ ಗೋಡೆಯ ಮೇಲೆ ಬೀರುವಿನದೇ ಅಳತೆಯಲ್ಲಿ ಕಪ್ಪು ಹಸಿರು. ಅಂಚುಗಳಲ್ಲಿ ಮಾತ್ರ ಡಿಸ್ಟೆಂಪರಿನ ಬಣ್ಣ ಉಳಿದಿತ್ತು. ಒಳಗೆ ಕೆಳಗಿನ ಸಾಲಿನ ಲೆಡ್ಜರುಗಳ ಬಟ್ಟೆ ಬೈಂಡಿನ ಮೇಲೆ ಬಿಳಿ ನವಿರು. ಮುಟ್ಟಿದರೆ ಬೆರಳಿಗೆ ಪುಡಿ. ಬಿಲ್ಲಿಂಗ್ ಮೇಜು ಇದ್ದದ್ದು ಈ ಬೀರುವಿನ ಪಕ್ಕದಲ್ಲೇ.

"ಕಪ್ಪು ಬೂಷ್ಟು ವಿಷ, ಬಿಳಿಯದ್ದು ಪರವಾಗಿಲ್ಲ" ಅಂತ ಒಬ್ಬರು ಹೇಳಿದರು. ಬಣ್ಣ ನೋಡಿ ಹಾಗೆ ಹೇಳಲು ಬರುವುದಿಲ್ಲ. ಗಾಳಿ ಪರೀಕ್ಷೆ ಮಾಡಿಸೋಣ ಅನ್ನುವ ಮಾತೂ ಬಂತು. ನಾನು ಬೇಡ ಅಂದೆ. ತೇವ ಮತ್ತು ಬೂಷ್ಟಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮಾರ್ಗಸೂಚಿ ಹೊರತಂದಿದೆ. ಗಾಳಿಯಲ್ಲಿ ಇಷ್ಟಿದ್ದರೆ ಸರಿ, ಇಷ್ಟಿದ್ದರೆ ತಪ್ಪು ಅನ್ನುವ ಅಂಕಿಯನ್ನು ಅದೂ ಕೊಟ್ಟಿಲ್ಲ. ತೇವ ನಿಲ್ಲಿಸಿ, ಬೂಷ್ಟು ತೆಗೆಯಿರಿ ಅನ್ನುವುದೇ ಅದರ ತಿರುಳು. ಕಣ್ಣಿಗೆ ಕಾಣುವುದನ್ನು ಪರೀಕ್ಷೆ ಮಾಡಿಸುವ ದುಡ್ಡಿನಲ್ಲಿ ಚರಂಡಿ ಕ್ಲೀನ್ ಮಾಡಿಸಬಹುದು.

ನಾನು ತಂದದ್ದು ಕೆಲವು ನೂರು ರೂಪಾಯಿಯ ಒಂದು ಹ್ಯುಮಿಡಿಟಿ ಮೀಟರ್, ಗಾಳಿಯ ತೇವ ಅಳೆಯುವುದು. ಅಗ್ಗದ ಮೀಟರನ್ನು ನಂಬಬಹುದೇ ಅನ್ನುವುದಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಅಡುಗೆ ಉಪ್ಪಿಗೆ ಕೆಲವು ಹನಿ ನೀರು ಹಾಕಿ, ಒದ್ದೆ ಮರಳಿನ ಹದಕ್ಕೆ ಕಲಸಿ, ಬಾಟಲಿ ಮುಚ್ಚಳದಲ್ಲಿಡಿ. ಮುಚ್ಚಳವನ್ನೂ ಮೀಟರನ್ನೂ ಜಿಪ್ ಕವರಿನಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಅದು ಶೇ. 75 ತೋರಿಸಬೇಕು. ನಮ್ಮದು 71 ತೋರಿಸಿತು. ಈಗಲೂ ನಾಲ್ಕು ಸೇರಿಸಿಯೇ ಓದುತ್ತೇವೆ. ಆಫೀಸಿನ ನಡುವೆ 86 ಇತ್ತು. ಬೀರುವಿನ ಹಿಂದೆ 90 ದಾಟಿತ್ತು. ಬೂಷ್ಟು ಏಳಬಾರದು ಅಂದರೆ 60ರ ಒಳಗೆ ಇರಬೇಕು.

ಮಾಲೀಕರಿಗೆ ಕೆಮ್ಮಿನ ನೋಟ್‌ಬುಕ್ ತೋರಿಸಿದೆ. "ಮಳೆ ಮುಗೀಲಿ, ನೋಡೋಣ" ಅಂದರು. ಆಗ ಮೀಟರ್ ಅವರ ಮುಂದಿಟ್ಟೆ. ಬೆಳೆಗಾರರು ಚೀಲ ತಂದಾಗ ನಾವು ಮೊದಲು ಮಾಡುವುದೇನು? ಬೀಜವನ್ನು ಮಾಯಿಶ್ಚರ್ ಮೀಟರಿಗೆ ಹಾಕುತ್ತೇವೆ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಶೇ. 10ರ ಆಸುಪಾಸು ಇರಬೇಕು, ರೊಬಸ್ಟಾ ಚೆರ್ರಿ (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು) 11. ಒಂದು ಪಾಯಿಂಟ್ ಜಾಸ್ತಿ ಬಂದರೆ ರೇಟಿಗೆ ಕತ್ತರಿ. ಹಸಿ ಬೀಜಕ್ಕೆ ಬೂಷ್ಟು ಬಂದರೆ ಓಕ್ರಾಟಾಕ್ಸಿನ್ ಅನ್ನುವ ವಿಷ ಸೇರಬಹುದು, ಯುರೋಪಿನವರು ಅದಕ್ಕೆ ಮಿತಿ ಹಾಕಿದ್ದಾರೆ ಅಂತ ಬೆಳೆಗಾರರಿಗೆ ಪಾಠ ಬೇರೆ ಮಾಡುತ್ತೇವೆ. ಅದೇ ಬೀಜವನ್ನು ಶೇ. 86ರ ಗಾಳಿಯಲ್ಲಿ ಆ ಗೋಡೆಗೆ ಒರಗಿಸಿ ಇಟ್ಟರೆ ಎಷ್ಟೇ ಒಣಗಿದ್ದರೂ ತೇವ ಎಳೆದುಕೊಳ್ಳುತ್ತದೆ. ಅಲ್ಲೇ ನಿಂತು ಗೋಡೆ ಪಕ್ಕದ ಚೀಲವೊಂದರಿಂದ ಬೀಜ ತೆಗೆದು ಅಳೆದೆವು. ಖರೀದಿ ದಿನದ ಚೀಟಿಗಿಂತ ಎರಡು ಪಾಯಿಂಟಿನ ಮೇಲೆ ಏರಿತ್ತು. ಅವರು ಮಾತಾಡಲಿಲ್ಲ. ಸಂಜೆಯೊಳಗೆ ಪ್ಲಂಬರಿಗೆ ಫೋನ್ ಹೋಯಿತು. ಜನರ ಎದೆಗಿಂತ ಬೀಜದ ತೇವ ಬೇಗ ಅರ್ಥವಾಯಿತಲ್ಲ ಅಂತ ಬೇಜಾರಾಯಿತು, ನಿಜ. ಆದರೆ ಕೆಲಸ ಆಗಬೇಕಿತ್ತು.

ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಬ್ರಷ್ ಹಿಡಿಯುವುದು ಸುಮ್ನೆ ದಂಡ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಟ್ಟರೆ ಗೋಡೆಯೇ ಹೇಳುತ್ತದೆ. ಹಾಳೆಯ ಒಳಮೈ ಒದ್ದೆಯಾದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈ ಬೆವೆತರೆ ಕೋಣೆಯ ಗಾಳಿಯೇ ತಣ್ಣನೆ ಗೋಡೆಗೆ ನೀರಾಗುತ್ತಿದೆ. ನಮ್ಮ ಹಿಂದಿನ ಗೋಡೆಯ ಹಾಳೆ ಒಳಗಡೆ ಒದ್ದೆ, ಪಕ್ಕದ ಗೋಡೆಯದ್ದು ಹೊರಗಡೆ. ಅಂದರೆ ರೋಗ ಎರಡು.

ಹಿಂದಿನದಕ್ಕೆ ಕಾರಣ ಬರೆಗೂ ಗೋಡೆಗೂ ನಡುವಿನ ಚರಂಡಿ. ಸಿಲ್ವರ್ ಓಕ್ ಎಲೆ, ಮಣ್ಣು, ಒಂದು ಹಳೇ ಮೂಟೆ ಸೇರಿ ಅದು ಮುಚ್ಚಿಹೋಗಿತ್ತು. ನೀರು ಗೋಡೆಗೆ ತಾಗಿಯೇ ನಿಂತಿತ್ತು. ಕೈಯಲ್ಲೇ ಎತ್ತಿಸಿದೆವು. ಇನ್ನೂ ಆಳ ಮಾಡೋಣ ಅಂದ ಕೆಲಸದವರನ್ನು ತಡೆದೆ. 2018ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡ ಕುಸಿದದ್ದು ನೋಡಿದ ಮೇಲೆ ಮಳೆಗಾಲದಲ್ಲಿ ಬರೆಯ ಬುಡಕ್ಕೆ ಗುದ್ದಲಿ ಹಾಕಿಸುವ ಧೈರ್ಯ ನನಗಿಲ್ಲ.

ಪಕ್ಕದ ಗೋಡೆಯ ಬೆವರಿಗೆ ಕಾರಣ ನಾವೇ. ಎಲ್ಲರ ರೈನ್‌ಕೋಟು, ಛತ್ರಿ ಒಳಗೇ ನೇತಾಡುತ್ತಿತ್ತು. ಮೂಲೆಯಲ್ಲಿ ಇಡೀ ದಿನ ಕೆಟಲ್. ರೈನ್‌ಕೋಟು ವರಾಂಡಕ್ಕೆ ಹೋಯಿತು. ಚಳಿಗೆ ಇದ್ದಿಲಿನ ಕೆಂಡ ಇಡುವ ಅಭ್ಯಾಸ ವಾಚ್‌ಮನ್‌ಗೆ ಇತ್ತು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಮಲಗಿದವರು ಏಳುವುದೂ ಇಲ್ಲ. ಅದನ್ನು ಅವತ್ತೇ ನಿಲ್ಲಿಸಿದೆ.

ತೊಳೆಯುವ ಕೆಲಸ ಭಾನುವಾರ ಇಟ್ಟುಕೊಂಡೆವು. ಬಿಲ್ಲಿಂಗ್ ಹುಡುಗಿ ಬರುವುದೇ ಬೇಡ ಅಂದೆ. ಉಬ್ಬಸ ಇರುವವರು ಆ ಹೊತ್ತಿಗೆ ಹತ್ತಿರ ಇರಬಾರದು. ಬೂಷ್ಟು ಒಂದು ಚದರ ಮೀಟರಿನಷ್ಟು ಇದ್ದರೆ ನಾವೇ ತೆಗೆಯಬಹುದು. ತುಂಬಾ ಹರಡಿದ್ದರೆ ತಿಳಿದವರನ್ನು ಕರೆಸುವುದು ಒಳ್ಳೆಯದು. ನಮ್ಮದು ಆ ಗಡಿಯಲ್ಲಿತ್ತು. ಎನ್95 ಮಾಸ್ಕ್, ರಬ್ಬರ್ ಗ್ಲೌಸ್, ಕಣ್ಣಿಗೆ ಮುಚ್ಚುವ ಕನ್ನಡಕ. ಕರ್ಚೀಫು ಕಟ್ಟಿಕೊಂಡರೆ ಬೂಷ್ಟಿನ ಕಣ ತಡೆಯುವುದಿಲ್ಲ. ಗೋದಾಮಿನ ಕಡೆಯ ಬಾಗಿಲಿಗೆ ಪ್ಲಾಸ್ಟಿಕ್ ಅಂಟಿಸಿ, ಕಿಟಕಿಯಲ್ಲಿ ಫ್ಯಾನನ್ನು ಹೊರಮುಖವಾಗಿ ಇಟ್ಟೆವು. ಒಣ ಬ್ರಷ್ಷಿನಿಂದ ಕೆರೆದರೆ ಪುಡಿ ಇಡೀ ಕೋಣೆಗೆ ಹಾರುತ್ತದೆ. ಅದಕ್ಕೇ ಮೊದಲು ಸೋಪಿನ ನೀರು ಚಿಮುಕಿಸಿ, ಆಮೇಲೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಕಟ್ಟಿದೆವು.

ಮೇಸ್ತ್ರಿ ಬ್ಲೀಚಿಂಗ್ ಪೌಡರ್ ತಂದಿದ್ದ, ಜೊತೆಗೆ ಟಾಯ್ಲೆಟ್ ಆಸಿಡ್ ಸೇರಿಸಿದರೆ ಸ್ಟ್ರಾಂಗ್ ಆಗುತ್ತದೆ ಅನ್ನುವುದು ಅವನ ಲೆಕ್ಕ. ಎರಡೂ ಸೇರಿದರೆ ಬರುವುದು ಕ್ಲೋರಿನ್ ಗ್ಯಾಸ್. ಎರಡನ್ನೂ ವಾಪಸ್ ಇಡಿಸಿದೆ.

ಉಬ್ಬಿದ ಪ್ಲೈವುಡ್, ಫಾಲ್ಸ್ ಸೀಲಿಂಗಿನ ಎರಡು ಜಿಪ್ಸಂ ಹಲಗೆ ಬಿಸಾಡಿದೆವು. ಇಂಥ ವಸ್ತುಗಳ ಒಳಗೆ ಬೇರು ಇಳಿದ ಬೂಷ್ಟು ತೊಳೆದರೆ ಹೋಗುವುದಿಲ್ಲ. ಲೆಡ್ಜರುಗಳದ್ದೇ ತಲೆನೋವು. ಬೇಕಾದವನ್ನು ಫ್ಯಾನಿನ ಕೆಳಗೆ ಪುಟ ಬಿಡಿಸಿ ಒಣಗಿಸಿ, ವರಾಂಡದಲ್ಲಿ ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್ಷಿನಿಂದ ಒರೆಸಿದೆವು. ಆಮೇಲೆ ಸ್ಕ್ಯಾನ್. ಹಳೆಯವು ಕುಶಾಲನಗರದ ಗೋಡೌನಿಗೆ ಹೋದವು. ಅಲ್ಲಿ ಮಳೆ ಕಡಿಮೆ. ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳು ಆ ಕಡೆ ಸೇರಿಕೊಂಡದ್ದು ಸುಮ್ನೆ ಅಲ್ಲ.

ಕೂಡಲೇ ಪೇಂಟ್ ಹೊಡೆಸೋಣ ಅಂದರು. ಒದ್ದೆ ಗೋಡೆಗೆ ಹೊಡೆದ ಪೇಂಟಿನ ಕೆಳಗೆ ಬೂಷ್ಟು ಇನ್ನೂ ಸುಖವಾಗಿರುತ್ತದೆ. ಜನವರಿಯ ಬಿಸಿಲಿನವರೆಗೆ ಗೋಡೆಯನ್ನು ಹಾಗೇ ಬಿಟ್ಟು, ಆಮೇಲೆ ಸುಣ್ಣ ಹೊಡೆಸಿದೆ. ಪ್ಲಾಸ್ಟಿಕ್ ಎಮಲ್ಷನ್ ಹೊಡೆದರೆ ಗೋಡೆಗೆ ಉಸಿರು ಕಟ್ಟುತ್ತದೆ, ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ 14 ತಿಂಗಳಿಗೊಮ್ಮೆ ಸುಣ್ಣ ಹೊಡೆಯಬೇಕು ಅನ್ನುವ ಮಾತು ಇತ್ತು. ನಮ್ಮದು ಕಾರ್ಖಾನೆ ಅಲ್ಲ, ಆದರೂ ಆ ಲೆಕ್ಕ ನನಗೆ ಹಿಡಿಸಿತು.

ಮುಂದಿನ ಮಳೆಗಾಲಕ್ಕೆ ಮೊದಲೇ ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಬಂತು. ಆನ್‌ಲೈನಿನಲ್ಲಿ ಸಿಗುವ ಪುಟಾಣಿಗಳು ದಿನಕ್ಕೆ ಒಂದು ಲೋಟ ನೀರೂ ತೆಗೆಯುವುದು ಕಷ್ಟ. ನಮ್ಮ ಹವೆಗೆ ಕಂಪ್ರೆಸರ್ ಇರುವುದೇ ಬೇಕು. ಅದು ಓಡುವಾಗ ಕಿಟಕಿ ಮುಚ್ಚಿರಬೇಕು ಅಂತ ಜನರನ್ನು ಒಪ್ಪಿಸುವುದು ಚರಂಡಿಗಿಂತ ಕಷ್ಟವಾಯಿತು. "ಗಾಳಿ ಆಡಲಿ" ಅಂತ ತೆರೆದುಬಿಡುತ್ತಾರೆ. ಜುಲೈನಲ್ಲಿ ಹೊರಗಿನ ಗಾಳಿಯೇ 95 ಇದ್ದಾಗ ತೆರೆದ ಕಿಟಕಿ ಒಣಗಿಸುವುದು ಏನನ್ನು? ಮಳೆ ಬಿಟ್ಟು ಬಿಸಿಲು ಬಿದ್ದಾಗ ತೆಗೆಯಲಿ, ನನ್ನ ಅಡ್ಡಿಯಿಲ್ಲ. ಟ್ಯಾಂಕಿನ ನೀರು ಯಾರು ಚೆಲ್ಲಬೇಕು ಅನ್ನುವ ಜಗಳ, ಪೈಪನ್ನು ಹೊರಗಿನ ಚರಂಡಿಗೆ ಬಿಟ್ಟ ಮೇಲೆ ನಿಂತಿತು.

ಬೀರು ಈಗ ಗೋಡೆಯಿಂದ ಒಂದು ಗೇಣು ದೂರ. ಚೀಲಗಳು ಮರದ ಹಲಗೆಯ ಮೇಲೆ. ಬಿಲ್ಲಿಂಗ್ ಮೇಜು ರಸ್ತೆ ಕಡೆಯ ಕಿಟಕಿಗೆ ಹೋಗಿದೆ. ಹುಡುಗಿಯ ಔಷಧಿ ನಿಂತಿಲ್ಲ, ಡಾಕ್ಟರ್ ನಿಲ್ಲಿಸಿ ಅನ್ನುವವರೆಗೆ ನಿಲ್ಲಿಸಬಾರದು ಕೂಡ. ಆದರೆ ಕಳೆದ ಮಳೆಗಾಲ ರಜೆ ಹಾಕದೆ ಕಳೆದಳು. ಮೀಟರ್ ಸಾಮಾನ್ಯವಾಗಿ 60ರ ಹತ್ತಿರ ನಿಲ್ಲುತ್ತದೆ. ಕರೆಂಟ್ ಹೋದ ದಿನ ಮಾತ್ರ ಮತ್ತೆ 80. ಕಕ್ಕಡದಲ್ಲಿ ಇಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ಗೊತ್ತಲ್ವಾ? ಬರೆ ಕಡೆಯ ಮೂಲೆ ಇನ್ನೂ ಪೂರ್ತಿ ಒಣಗಿಲ್ಲ. ಏಪ್ರಿಲ್‌ನಲ್ಲಿ ಎಂಜಿನಿಯರ್ ಒಬ್ಬರಿಗೆ ತೋರಿಸಿ ಅಲ್ಲಿ ನೀರು ಹೊರಬಿಡುವ ಪೈಪ್ ಹಾಕಿಸಲು ಮಾಲೀಕರು ಒಪ್ಪಿದ್ದಾರೆ. ಅಲ್ಲಿಯವರೆಗೆ ಆ ಮೂಲೆಯಲ್ಲಿ ಕುರ್ಚಿ ಹಾಕಬಾರದು ಅಂತ ಗೋಡೆಗೆ ಚೀಟಿ ಅಂಟಿಸಿದ್ದೇನೆ.