ಹಳೇ ಕಾರ್ವೆಟ್ಟು, ಇಂಜಿನ್ ಮಾತ್ರ ಕೊನೇಗೆ: ನನ್ನ ಅನುಭವ

ಕಾರ್ವೆಟ್, ಅಂದ್ರೆ ಷೆವ್ರೊಲೆ ಕಂಪ್ನಿಯ ಸ್ಪೋರ್ಟ್ಸ್ ಕಾರು, ಇಟ್ಕೊಂಡಿದೀನಿ ಅಂದ ತಕ್ಷಣ ಎಲ್ರೂ ಕೇಳೋದು ಒಂದೇ, ಇಂಜಿನ್ ಹೇಗಿದೆ, ಎಷ್ಟು ಹಾರ್ಸ್‌ಪವರ್ರು ಅಂತ. ನಂದು 1974ರ ಸ್ಟಿಂಗ್‌ರೇ, ಸೇಂಟ್ ಲೂಯಿಸ್ ಫ್ಯಾಕ್ಟ್ರೀಲಿ ಆಗಿದ್ದು, 350 ಕ್ಯೂಬಿಕ್ ಇಂಚು ಅಂದ್ರೆ 5.7 ಲೀಟರ್ ವಿ8, ಲೆಕ್ಕಕ್ಕೆ 195 ಹಾರ್ಸ್‌ಪವರ್. ಅಷ್ಟು ಈಗ ಮಕ್ಕಳನ್ನ ಸ್ಕೂಲಿಗೆ ಬಿಡೋ ವ್ಯಾನೂ ಕೊಡತ್ತೆ ಬಿಡಿ. ಆದ್ರೆ ಈ ಗಾಡೀಲಿ ಅತಿ ಸುಲಭದ ಭಾಗ ಅಂದ್ರೆ ಆ ಇಂಜಿನ್ನೇ. ಸ್ಮಾಲ್ ಬ್ಲಾಕ್ ಅನ್ನೋ ಈ ಷೆವ್ರೊಲೆ ಇಂಜಿನ್ 1955ರಿಂದ ಬಂದಿರೋದು, ಟ್ರಕ್ಕಿಗೂ ಅದೇ ಕಾರಿಗೂ ಅದೇ, ಪಾರ್ಟ್ಸು ಯಾವ ಊರಲ್ಲಿ ಕೇಳಿದ್ರೂ ಸಿಗತ್ತೆ. ಕೈ ಕೊಡೋದು ಬೇರೆ ನಾಲ್ಕು ಕಡೆ: ಬ್ರೇಕು, ಹಿಂದಿನ ಸಸ್ಪೆನ್ಷನ್ನು, ವ್ಯಾಕ್ಯೂಮ್ ಟ್ಯೂಬುಗಳು, ಅರ್ತಿಂಗು. ನಾನು ಅಮೆರಿಕದ ಮಿಷಿಗನ್‌ನಲ್ಲಿ ನನ್ನ ಗ್ಯಾರೇಜಲ್ಲಿ ಇದೇ ಕ್ರಮದಲ್ಲಿ ಕೆಲ್ಸ ಮಾಡಿದ್ದು, ಈಗ ಇನ್ನೊಂದು ಸಿಕ್ಕಿದ್ರೂ ಹಿಂಗೇ ಮಾಡ್ತೀನಿ.

ತಗೊಳೋ ಮುಂಚೆ ನೋಡಿದ್ದು ತುಕ್ಕು. ಬಾಡಿ ಫೈಬರ್‌ಗ್ಲಾಸು, ಅದಕ್ಕೆ ತುಕ್ಕು ಹಿಡಿಯಲ್ಲ ಅಂತ ಜನ ನಿಶ್ಚಿಂತೆಯಾಗಿ ತಗೋತಾರೆ, ಆದ್ರೆ ಒಳಗೆ ಗಾಜಿನ ಸುತ್ತ, ಬಾಗಿಲ ಸುತ್ತ ಕಬ್ಬಿಣದ ಗೂಡು ಒಂದಿದೆ, ಬರ್ಡ್‌ಕೇಜ್ ಅಂತಾರೆ, ಅದು ಕೊಳೆತಿದ್ರೆ ಹೊರಗೆ ಪೇಂಟು ಫಳಫಳ ಅಂತಿದ್ರೂ ಒಳಗೇನೂ ಉಳಿದಿರಲ್ಲ. ಪಾದದ ಪಕ್ಕದ ಪ್ಯಾನೆಲ್ ಬಿಚ್ಚಿ ಟಾರ್ಚ್ ಹಾಕಿ ನೋಡ್ಬೇಕು, ವಿಂಡ್‌ಶೀಲ್ಡಿನ ಕೆಳಗಿನ ಎರಡು ಮೂಲೇನೂ ನೋಡ್ಬೇಕು. ಬಿಚ್ಚಕ್ಕೆ ಬಿಡಲ್ಲ ಅಂದ್ರೆ ನಮಸ್ಕಾರ ಹೇಳಿ ವಾಪಸ್ ಬನ್ನಿ.

ಬ್ರೇಕು. 1965ರಿಂದಲೇ ಕಾರ್ವೆಟ್ಟಿಗೆ ನಾಲ್ಕೂ ಚಕ್ರಕ್ಕೆ ಡಿಸ್ಕು, ಡಿಸ್ಕನ್ನ ಅದುಮಿ ಹಿಡಿಯೋ ಒಂದೊಂದು ಕ್ಯಾಲಿಪರಲ್ಲಿ ನಾಲ್ಕು ಪಿಸ್ಟನ್ನು, ಆ ಕಾಲಕ್ಕೆ ದೊಡ್ಡ ವಿಷ್ಯ. ತೊಂದ್ರೆ ಏನಂದ್ರೆ ಕ್ಯಾಲಿಪರ್ ಬೀಡು ಕಬ್ಬಿಣ, ಬ್ರೇಕ್ ಆಯಿಲ್ ಗಾಳೀಲಿರೋ ತೇವ ಎಳ್ಕೊಳತ್ತೆ, ಗಾಡಿ ನಿಂತಲ್ಲೇ ನಿಂತಿದ್ರೆ ಒಳಗಿನ ಬೋರು ತುಕ್ಕು ತಿಂದು ಗುಂಡಿಗುಂಡಿ ಆಗತ್ತೆ, ಆಮೇಲೆ ಎಷ್ಟು ಹೊಸ ಸೀಲ್ ಹಾಕಿದ್ರೂ ಜಿನುಗತ್ತೆ. ನನ್ನವೆಲ್ಲ ಸ್ಟೇನ್‌ಲೆಸ್ ಸ್ಲೀವ್ ಹಾಕಿರೋ ಕ್ಯಾಲಿಪರ್‌ಗೆ ಬದಲಾಯಿಸಿದೆ. ಅಷ್ಟಾದ್ರೂ ಪೆಡಲ್ ಮೆತ್ತಗೇ ಇತ್ತು, ಬ್ಲೀಡ್ ಮಾಡಿ ಒಳಗಿನ ಗಾಳಿ ತೆಗೆದಾಗ ಸರಿ ಹೋಗೋದು, ಸ್ವಲ್ಪ ಓಡಿಸಿದ್ರೆ ಮತ್ತೆ ಮೆತ್ತಗೆ. ಒಂದು ಅಂಗಡಿಯವ್ರು ಮಾಸ್ಟರ್ ಸಿಲಿಂಡರ್ ಹೋಗಿದೆ ಅಂದ್ರು. ನಂಗ್ಯಾಕೋ ನಂಬಿಕೆ ಬರ್ಲಿಲ್ಲ, ಡಯಲ್ ಗೇಜ್ ಇಟ್ಟು ರೋಟರ್, ಅಂದ್ರೆ ಆ ಡಿಸ್ಕು, ತಿರುಗಿಸಿ ನೋಡ್ದೆ. ಹಿಂದಿನ ಎಡಗಡೇದು ಓಲಾಡ್ತಿತ್ತು. ಫ್ಯಾಕ್ಟ್ರೀಲಿ ರೋಟರನ್ನ ಹಬ್ಬಿಗೆ ರಿವೆಟ್ ಹೊಡೆದು ಎರಡನ್ನೂ ಸೇರಿಸಿ ಲೇತಲ್ಲಿ ಟರ್ನ್ ಮಾಡ್ತಿದ್ರು, ಯಾರೋ ಹಳಬರು ರಿವೆಟ್ ಕೊರೆದು ಬೇರೆ ರೋಟರ್ ಕೂರ್ಸಿದಾರೆ, ಅಳತೆ ನೋಡಿಲ್ಲ. ರೋಟರ್ ಓಲಾಡಿದ್ರೆ ಪಿಸ್ಟನ್ನು ಪ್ರತಿ ಸುತ್ತಿಗೂ ಒಳಗೆ ಹೊರಗೆ ಆಡತ್ತೆ, ಹಳೇ ಥರದ ಲಿಪ್ ಸೀಲು ಆಗ ಹೊರಗಿನ ಗಾಳೀನ ಒಳಗೆ ಎಳ್ಕೊಳತ್ತೆ. ಆಯಿಲ್ ಒಂದು ಹನಿ ಸೋರಲ್ಲ, ಗಾಳಿ ಮಾತ್ರ ಸೇರ್ತಾ ಹೋಗತ್ತೆ! ಶಿಮ್ ಅನ್ನೋ ತೆಳ್ಳಗಿನ ಲೋಹದ ತುಂಡು ಹಾಕಿ ಓಲಾಟಾನ 5 ಥೌ (ಇಂಚಿನ ಸಾವಿರದಲ್ಲಿ ಐದು ಭಾಗ) ಒಳಗೆ ತಂದ್ಮೇಲೆ ಪೆಡಲ್ ಕಲ್ಲಿನ ಹಾಗೆ ನಿಂತಿದೆ. ಇನ್ನೊಂದು, ಹಿಂದಿನ ಒಂದೊಂದು ಕ್ಯಾಲಿಪರಿಗೂ ಗಾಳಿ ಬಿಡೋ ಬ್ಲೀಡರ್ ಸ್ಕ್ರೂ ಎರಡೆರಡು ಇದೆ, ಹೊರಗಡೇದು ಚಕ್ರದ ಹಿಂದೆ ಕಾಣದೇ ಇರೋದು, ಅದನ್ನ ಬಿಟ್ರೆ ಎಲ್ಲಾ ವೇಸ್ಟು.

ಹಿಂದಿನ ಸಸ್ಪೆನ್ಷನ್ನಲ್ಲಿ ಚಕ್ರವನ್ನ ಫ್ರೇಮಿಗೆ ಹಿಡಿಯೋ ಟ್ರೇಲಿಂಗ್ ಆರ್ಮ್ ಬಿಚ್ಚೋದು ಶಕ್ತಿ ಕೆಲ್ಸ. ಮುಂದಿನ ತುದೀಲಿ ಫ್ರೇಮಿನ ಗೂಡೊಳಗೆ ಒಂದು ಉದ್ದ ಬೋಲ್ಟು, ಬುಷ್ಷಿನ ಒಳಗಿನ ಪೈಪಿಗೆ ತುಕ್ಕಲ್ಲಿ ಅಂಟ್ಕೊಂಡಿರತ್ತೆ, ಹಿಮ ಕರಗಿಸೋಕೆ ರೋಡಿಗೆ ಉಪ್ಪು ಹಾಕೋ ಊರಲ್ಲಂತೂ ಕೇಳೋದೇ ಬೇಡ. ಆಯಿಲ್ ಹೊಡೆದು ಕಾಯೋದು, ಸುತ್ತಿಗೇಲಿ ಬಡಿಯೋದು ಎಲ್ಲ ಟೈಮ್ ಹಾಳು, ಬುಷ್ಷಿಗೂ ಫ್ರೇಮಿಗೂ ನಡುವೆ ಉದ್ದ ಮೆಟಲ್ ಬ್ಲೇಡ್ ತೂರ್ಸಿ ಎರಡೂ ಕಡೆ ಪವರ್ ಗರಗಸದಲ್ಲಿ ಕೊಯ್ದುಬಿಡೋದೇ ಸರಿ. ಅಲ್ಲಿ ಎರಡೂ ಪಕ್ಕ ತೆಳ್ಳಗಿನ ಶಿಮ್‌ಗಳಿರ್ತವೆ, ಹಿಂದಿನ ಚಕ್ರದ ಅಲೈನ್‌ಮೆಂಟ್ ನಿಂತಿರೋದೇ ಅವುಗಳ ಮೇಲೆ, ಯಾವ ಕಡೆ ಎಷ್ಟು ದಪ್ಪ ಇತ್ತು ಅಂತ ಮಾಸ್ಕಿಂಗ್ ಟೇಪಲ್ಲಿ ಬರೆದು ಅಂಟಿಸ್ಕೊಳಿ. ಬೇರಿಂಗ್ ಮಾತ್ರ ನಾನು ಮುಟ್ಲಿಲ್ಲ. ಅದಕ್ಕೆ ಪ್ರೆಸ್ಸು, ಅದರದೇ ಟೂಲು, ಮತ್ತೆ ಶಿಮ್ ಹಾಕಿ ಸೆಟ್ ಮಾಡೋ ಅಭ್ಯಾಸ ಬೇಕು, ಆರ್ಮ್ ಪೂರ್ತಿ ಬಿಚ್ಚಿ ಇದೇ ಕೆಲ್ಸ ಮಾಡೋವ್ರಿಗೆ ಕಳಿಸ್ದೆ.

ಈಗ ನಂಗೆ ಇಷ್ಟವಾದ ಭಾಗ, ಹೆಡ್‌ಲೈಟು. ಈ ಗಾಡೀಲಿ ಲೈಟು ಬಾನೆಟ್ಟಿನ ಮಟ್ಟಕ್ಕೆ ಮಲಗಿರತ್ತೆ, ಸ್ವಿಚ್ ಎಳೆದ್ರೆ ಮೇಲೇಳತ್ತೆ. ಎಬ್ಬಿಸೋಕೆ ಮೋಟರ್ ಇಲ್ಲ ಕಣ್ರೀ, ಇಂಜಿನ್ ಎಳೆಯೋ ವ್ಯಾಕ್ಯೂಮಲ್ಲೇ ಕೆಲ್ಸ. ಇಂಜಿನ್ನಿಂದ ಒಂದು ಟ್ಯೂಬು ಒಂದೇ ದಿಕ್ಕಿಗೆ ಬಿಡೋ ಚೆಕ್ ವಾಲ್ವ್ ದಾಟಿ ವ್ಯಾಕ್ಯೂಮ್ ಟ್ಯಾಂಕಿಗೆ, ಅಲ್ಲಿಂದ ರಿಲೇ ವಾಲ್ವಿಗೆ, ಅಲ್ಲಿಂದ ಲೈಟಿನ ಹಿಂದಿರೋ ಡಬ್ಬದಂಥ ಆಕ್ಚುಯೇಟರಿಗೆ. ಆಕ್ಚುಯೇಟರ್ ಒಳಗೆ ರಬ್ಬರ್ ಪೊರೆ, ಅದರ ಎರಡು ಪಕ್ಕಕ್ಕೆ ಎರಡು ಟ್ಯೂಬು, ಒಂದಕ್ಕೆ ಕೆಂಪು ಗೆರೆ ಒಂದಕ್ಕೆ ಹಸಿರು ಗೆರೆ, ಒಂದು ಕಡೆ ಎಳೆದ್ರೆ ಏಳತ್ತೆ ಇನ್ನೊಂದು ಕಡೆ ಎಳೆದ್ರೆ ಮಲಗತ್ತೆ. ಐವತ್ತು ವರ್ಷದ ರಬ್ಬರು, ಎಲ್ಲೋ ಒಂದು ಕಡೆ ಬಿರುಕು ಬಿಟ್ಟಿರತ್ತೆ, ಆಗ ಒಂದು ಲೈಟ್ ಎದ್ದು ಇನ್ನೊಂದು ಯೋಚನೆ ಮಾಡ್ತಾ ಕೂತಿರತ್ತೆ. ಪೂರ್ತಿ ಕಿಟ್ ತಂದು ಎಲ್ಲಾ ಟ್ಯೂಬೂ ಬದಲಾಯಿಸಿ ಅಂತ ಸಲಹೆ ಕೊಡೋವ್ರು ಬೇಕಾದಷ್ಟು ಜನ, ಆದ್ರೆ ನಾನು ಮಾಡಿದ್ದು ಕೈಯಲ್ಲಿ ಒತ್ತೋ ಗೇಜಿರೋ ವ್ಯಾಕ್ಯೂಮ್ ಪಂಪ್ ಒಂದು ತಂದು, ಇಂಜಿನ್ ಆಫ್ ಇಟ್ಕೊಂಡು ಒಂದೊಂದೇ ತುಂಡು ಪರೀಕ್ಷೆ ಮಾಡಿದ್ದು. ಗೇಜಲ್ಲಿ 15 ಇಂಚು (ಪಾದರಸದ ಲೆಕ್ಕ) ವ್ಯಾಕ್ಯೂಮ್ ಎಳೆದು ಬಿಟ್ಟು ಮುಳ್ಳು ನೋಡ್ತಾ ಕೂರೋದು, ನಿಂತ್ರೆ ಆ ತುಂಡು ಗಟ್ಟಿ, ಇಳಿದ್ರೆ ಅಲ್ಲೇ ಕಳ್ಳ. ಟ್ಯಾಂಕ್ ಸರಿ ಇತ್ತು, ರಿಲೇ ಸರಿ ಇತ್ತು, ಬಲಗಡೆ ಆಕ್ಚುಯೇಟರಲ್ಲಿ ರಾಡ್ ಹೊರಗೆ ಬರೋ ತೂತಿನ ಸೀಲು ಹೋಗಿತ್ತು, ಅಷ್ಟೇ. ಸಣ್ಣ ಸೀಲು ಹಾಕಿದ್ಮೇಲೆ ಎರಡೂ ಜೊತೇಲಿ ಟಪ್ ಅಂತ ಏಳತ್ತೆ, ಮತ್ತೆ ಐಡ್ಲಿಂಗೂ ತಾನಾಗೇ ಸಮ ಆಯ್ತು, ಯಾಕಂದ್ರೆ ಆ ಲೀಕು ಕೊನೇಗೆ ಇಂಜಿನ್ನಿಗೇ ಗಾಳಿ ಕುಡಿಸ್ತಿತ್ತಲ್ಲ. ಅದಕ್ಕೇ ಹೇಳೋದು, ಇದು ಸರಿ ಆಗೋವರ್ಗೂ ಕಾರ್ಬ್ಯುರೇಟರ್ ಸ್ಕ್ರೂ ಮುಟ್ಬೇಡಿ.

ಅರ್ತಿಂಗಿನ ಬಗ್ಗೆ ಒಂದೇ ಮಾತು: ಫೈಬರ್ ಬಾಡೀಲಿ ಕರೆಂಟ್ ವಾಪಸ್ ಹೋಗಲ್ಲ, ಪ್ರತಿ ಲೈಟಿಗೂ ಕಪ್ಪು ವೈರು ಬೇರೆ ಇದೆ, ಇಂಡಿಕೇಟರ್ ಹಾಕಿದ್ರೆ ಟೇಲ್ ಲ್ಯಾಂಪ್ ಮಿಣುಕಿದ್ರೆ ಬಲ್ಬ್ ತರ್ಬೇಡಿ, ಆ ವೈರಿನ ತುದಿ ಉಜ್ಜಿ.

ಇಷ್ಟಾದ್ಮೇಲೆ ಇಂಜಿನ್. 1974ರಲ್ಲಿ ಸ್ಪಾರ್ಕಿಗೆ ಇನ್ನೂ ತೆರೆದು ಮುಚ್ಚೋ ಪಾಯಿಂಟ್ಸ್ ಇರೋ ಇಗ್ನಿಷನ್ನು, ಮುಂದಿನ ವರ್ಷ ಎಲೆಕ್ಟ್ರಾನಿಕ್ ಬಂತು. ಇಲ್ಲಿನ ಹುಡುಗ ಮೆಕ್ಯಾನಿಕ್‌ಗಳು ಪಾಯಿಂಟ್ಸ್ ನೋಡೇ ಇಲ್ಲ, ಆದ್ರೆ ಹಾಸನದಿಂದ ಬಂದಿದ್ದ ನಮ್ಮ ಮಾವ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದ ತಕ್ಷಣ "ಓ ಸಿಬಿ ಪಾಯಿಂಟು" ಅಂತ ಕನ್ನಡಕ ಹಾಕ್ಕೊಂಡು ಬಗ್ಗಿದ್ರು, ಅಂಬಾಸಿಡರ್ ಇಟ್ಕೊಂಡಿದ್ದವ್ರು. ಅಂಬಾಸಿಡರಲ್ಲಿ ಫೀಲರ್ ಗೇಜ್ ಇಟ್ಟು ಸ್ಕ್ರೂ ಬಿಗಿ ಮಾಡ್ಬೇಕು, ಇದರಲ್ಲಿ ಕ್ಯಾಪಲ್ಲೇ ಒಂದು ಸಣ್ಣ ಕಿಟಕಿ, ಇಂಜಿನ್ ಓಡ್ತಿರುವಾಗ್ಲೇ ಆಲನ್ ಕೀ ತೂರ್ಸಿ ತಿರುಗಿಸಿ ಪಾಯಿಂಟು ಎಷ್ಟು ಹೊತ್ತು ಮುಚ್ಚಿರತ್ತೆ ಅಂತ ಡಿಗ್ರೀಲಿ ತೋರ್ಸೋ ಡ್ವೆಲ್ ಮೀಟರಲ್ಲಿ 30 ಡಿಗ್ರಿಗೆ ತರ್ಬೋದು. "ಅಳಿಯಂದ್ರೇ, ಇದು ಗೊತ್ತಿದ್ದಿದ್ರೆ ನಾನೆಷ್ಟು ಸಲ ಸಕಲೇಶಪುರ ಘಾಟಲ್ಲಿ ರೋಡಲ್ಲಿ ಕೂರೋದು ತಪ್ತಿತ್ತು" ಅಂದ್ರು. ಡಿಸ್ಟ್ರಿಬ್ಯೂಟರ್ ಮೇಲಿರೋ ಲೋಹದ ಮುಚ್ಚಳ ಶೋಕಿಗೆ ಅಂದ್ಕೊಂಡು ಬಿಸಾಕ್ಬೇಡಿ, ಫೈಬರ್ ಬಾಡಿ ಸ್ಪಾರ್ಕಿನ ಗದ್ದಲಾನ ತಡೆಯಲ್ಲ, ಅದಿಲ್ದೆ ರೇಡಿಯೋ ಬರೀ ಕೊರ್ ಅನ್ನತ್ತೆ.

ಕ್ವಾಡ್ರಾಜೆಟ್ ಕಾರ್ಬ್ಯುರೇಟರಲ್ಲಿ ಎರಡು ಕಡೆ ನೋಡಿ. ಫ್ಲೋಟು ಫೋಮಿನದು, ವರ್ಷಗಳಾದ್ಮೇಲೆ ಪೆಟ್ರೋಲ್ ಕುಡಿದು ಭಾರ ಆಗತ್ತೆ, ಸರಿಯಾಗಿ ತೇಲಲ್ಲ, ಓವರ್‌ಫ್ಲೋ ಆಗತ್ತೆ. ಬೌಲಿನ ತಳದ ಪ್ಲಗ್ಗುಗಳೂ ಜಿನುಗ್ತವೆ, ರಾತ್ರಿಯೆಲ್ಲ ಸೋರಿ ಬೆಳಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸತ್ತೆ, ಎಪಾಕ್ಸಿ ಹಾಕಿ ಮುಚ್ಚಿದೆ. ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹಳೇ ರಬ್ಬರ್ ಪೈಪ್ ತಡೆಯಲ್ಲ, ಅವನ್ನೂ ಬದಲಾಯಿಸಿದೆ. ಇಂಜಿನ್ ಆಯಿಲ್ ಈಗಿನ ಕಾರಿಂದು ಹಾಕಲ್ಲ, ಹಳೇ ಫ್ಲಾಟ್ ಟ್ಯಾಪೆಟ್ ಕ್ಯಾಮು ಸವೆಯದೇ ಇರೋಕೆ ಜಿಂಕ್ ಜಾಸ್ತಿ ಇರೋದು ಬೇಕು.

ಇನ್ನು ಉಳಿದಿರೋದು ಪವರ್ ಸ್ಟೀರಿಂಗಿನ ಕಂಟ್ರೋಲ್ ವಾಲ್ವು, ಈ ಗಾಡಿಗಳಲ್ಲಿ ಅದು ಸೋರೋದು ಮಾಮೂಲಿ. ಸೀಲ್ ಕಿಟ್ ತಂದಿಟ್ಟಿದೀನಿ. ಅದನ್ನ ಜೋಡಿಸಿದ್ಮೇಲೆ ಮುಂದಿನ ಚಕ್ರ ಎತ್ತಿ ನಿಲ್ಸಿ ಇಂಜಿನ್ ಸ್ಟಾರ್ಟ್ ಮಾಡ್ಬೇಕು, ಬ್ಯಾಲೆನ್ಸ್ ತಪ್ಪಿದ್ರೆ ಯಾರೂ ಮುಟ್ಟದೇನೇ ಸ್ಟೀರಿಂಗ್ ಒಂದು ಕಡೆಗೆ ತಿರುಗಿಬಿಡತ್ತೆ, ಸ್ಪೋಕ್ ಮಧ್ಯೆ ಕೈ ಇಟ್ಕೊಂಡಿರ್ಬೇಡಿ, ತುದಿಯ ನಟ್ಟು ಸ್ವಲ್ಪ ಸ್ವಲ್ಪ ತಿರುಗಿಸ್ತಾ ನಡುವಲ್ಲಿ ನಿಲ್ಲೋವರ್ಗೂ ತರ್ಬೇಕು. ನವೆಂಬರಲ್ಲಿ ರೋಡಿಗೆ ಉಪ್ಪು ಬಿದ್ರೆ ಗಾಡಿ ಹೇಗೂ ಒಳಗೇ ಇರತ್ತೆ, ಆಗ ಮಾಡ್ತೀನಿ.