ಸೂಪರ್‌ಹೀರೋ ಕಾಮಿಕ್ಸ್ ಬೇಸರ ತಂದಿದ್ದರೆ ಮತ್ತೆ ಓದುವ ಬಗೆ

ಹಳೆಯ ಓದುಗರನ್ನು ಹೆಚ್ಚು ದಣಿಸಿರುವುದು ಕಾಮಿಕ್ಸ್ ಮಾರುವ ಕ್ರಮ. ‘ಅಮೇಜಿಂಗ್ ಸ್ಪೈಡರ್-ಮ್ಯಾನ್’ 2014, 2015, 2018, 2022ರಲ್ಲಿ ಮತ್ತೆ ಮತ್ತೆ 1ನೇ ಸಂಚಿಕೆಯಿಂದ ಶುರುವಾಯಿತು. ಸಂಖ್ಯೆ ನೋಡಿ ಕೊಳ್ಳಬೇಡಿ; ಒಬ್ಬ ಬರಹಗಾರರನ್ನು ಆರಿಸಿ, ಅವರು ಬರೆದ ಸಂಚಿಕೆಗಳನ್ನು ಮೊದಲಿಂದ ಕೊನೆಯವರೆಗೆ ಓದಿ.

ಬಿಡಿ ಸಂಚಿಕೆಯಲ್ಲಿ ಸಾಮಾನ್ಯವಾಗಿ ಕಥೆ ಇರುವುದು 20 ಪುಟ, ಬೆಲೆ ಸುಮಾರು 4ರಿಂದ 5 ಡಾಲರ್. ಒಂದೇ ಕಥೆಯನ್ನು ಐದಾರು ಸಂಚಿಕೆಗೆ ಎಳೆಯುವುದರಿಂದ, ತಿಂಗಳಿಗೊಂದು ಓದಿದರೆ ಜಾಡು ತಪ್ಪುತ್ತದೆ. ಅವೆಲ್ಲ ಸೇರಿದ ಪೇಪರ್‌ಬ್ಯಾಕ್ ಬರುವವರೆಗೆ ಕಾಯಿರಿ. ಚಂದಾ ಕಟ್ಟಿ ಮಾರ್ವೆಲ್ ಕಂಪನಿಯ ಕಾಮಿಕ್ಸ್ ಓದುವ ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್‌ಗೆ ಹೊಸ ಸಂಚಿಕೆಗಳು ಸುಮಾರು ಮೂರು ತಿಂಗಳ ನಂತರ ಬರುತ್ತವೆ. ತುಂಬ ಓದುವವರಿಗೆ ಅದೇ ಅಗ್ಗ.

ಎಲ್ಲ ಹೀರೋಗಳನ್ನು ಒಂದೆಡೆ ಸೇರಿಸುವ ಕ್ರಾಸ್‌ಓವರ್ ಬಂದಾಗ ಮುಖ್ಯ ಸರಣಿಯನ್ನಷ್ಟೇ ಓದಿ. ಅದೇ ಕಥೆಗೆ ತಳುಕು ಹಾಕಿ ಬೇರೆ ಸರಣಿಗಳಲ್ಲಿ ಜೊತೆಗೆ ಬರುವ ಟೈ-ಇನ್ ಸಂಚಿಕೆಗಳನ್ನು ಬಿಟ್ಟರೂ ಕಥೆ ಬಹುತೇಕ ಅರ್ಥವಾಗುತ್ತದೆ.