ರಿಗ್ರೆಷನ್ ಪಟ್ಟಿಯಿಂದ ಬೇಕಾದ ಒಂದೇ ನಂಬರ್ ತೆಗೆಯುವುದು ಹೇಗೆ?

ಅಂಕಿಅಂಶ ಲೆಕ್ಕದ ಭಾಷೆ ಆರ್‌ನಲ್ಲಿ ಎಲ್‌ಎಂ (ರಿಗ್ರೆಷನ್ ಮಾಡೆಲ್ ಕಟ್ಟುವ ಫಂಕ್ಷನ್) ಓಡಿಸಿದ ಮೇಲೆ ಆ ಮಾಡೆಲ್ ಒಳಗೆ ಪಿ ವ್ಯಾಲ್ಯೂ (ಸಂಬಂಧವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಂಭವ) ಹುಡುಕಬೇಡಿ, ಅದು ಅಲ್ಲಿ ಇರುವುದೇ ಇಲ್ಲ. ಅಲ್ಲಿರುವುದು ಕೋಎಫಿಷಿಯೆಂಟ್, ರೆಸಿಡ್ಯುಯಲ್, ಇಂಥವು. ಸ್ಟ್ಯಾಂಡರ್ಡ್ ಎರರ್, ಪಿ ವ್ಯಾಲ್ಯೂ, ಆರ್ ಸ್ಕ್ವೇರ್ಡ್ ಎಲ್ಲ ಲೆಕ್ಕ ಆಗುವುದು ಆ ಮಾಡೆಲ್ ಮೇಲೆ ಸಮ್ಮರಿ ಫಂಕ್ಷನ್ ಕರೆದಾಗ. ಹಾಗಾಗಿ ಸಮ್ಮರಿಯನ್ನು ಸುಮ್ನೆ ಪರದೆ ಮೇಲೆ ಬಿಡಬೇಡಿ, ಒಂದು ಹೆಸರು ಕೊಟ್ಟು ಇಟ್ಟುಕೊಳ್ಳಿ. ‘ಸಾರ’ ಅಂತಲೇ ಇರಲಿ.

ಆರ್ ಜೊತೆಗೇ ಬರುವ ಎಂಟಿಕಾರ್ಸ್ ಡೇಟಾ ತಗೊಳ್ಳಿ, 32 ಕಾರುಗಳದ್ದು. ತೂಕ ಜಾಸ್ತಿಯಾದರೆ ಮೈಲೇಜ್ ಎಷ್ಟು ಇಳಿಯುತ್ತದೆ ಅಂತ ಎಲ್‌ಎಂ ಓಡಿಸಿ ನೋಡೋಣ. ಸಾರದ ಹೆಸರು, ಡಾಲರ್ ಗುರುತು, ಆಮೇಲೆ ಕೋಎಫಿಷಿಯೆಂಟ್ಸ್ ಅಂತ ಬರೆದರೆ ಒಂದು ಮ್ಯಾಟ್ರಿಕ್ಸ್ ಸಿಗುತ್ತದೆ. ಅದರಲ್ಲಿ ನಾಲ್ಕು ಕಾಲಂ: ಎಸ್ಟಿಮೇಟ್, ಸ್ಟ್ಯಾಂಡರ್ಡ್ ಎರರ್, ಟಿ ವ್ಯಾಲ್ಯೂ, ಪಿ ವ್ಯಾಲ್ಯೂ. ಪಕ್ಕದಲ್ಲೇ ಚೌಕ ಬ್ರಾಕೆಟ್ ಹಾಕಿ, ಒಳಗೆ ಕೋಟ್‌ನಲ್ಲಿ ವೇರಿಯಬಲ್ ಹೆಸರು, ಕಾಮಾ, ಕಾಲಂ ನಂಬರ್ ಕೊಡಿ. ತೂಕಕ್ಕೆ 1 ಕೊಟ್ಟರೆ -5.344 ಬರುತ್ತದೆ, 2 ಕೊಟ್ಟರೆ 0.559. ಪಿ ವ್ಯಾಲ್ಯೂ ಬೇಕಾದರೆ 4. ಆ ಕಾಲಂನ ನಿಜವಾದ ಹೆಸರಿನಲ್ಲಿ ಬ್ರಾಕೆಟ್ಟು, ಉದ್ದ ಗೆರೆ ಎಲ್ಲ ತುಂಬಿಕೊಂಡಿವೆ, ಯಾರು ಟೈಪ್ ಮಾಡ್ತಾರೆ!

ಆದರೆ ಸಾಲಿಗೆ ಮಾತ್ರ ನಂಬರ್ ಕೊಡಬೇಡಿ. ಎರಡು ವೇರಿಯಬಲ್ ಒಂದನ್ನೊಂದು ಪೂರ್ತಿ ಹೋಲುತ್ತಿದ್ದರೆ ಆರ್ ಒಂದನ್ನು ಕೈಬಿಡುತ್ತದೆ. ಮಾಡೆಲ್‌ನ ಕೋಎಫಿಷಿಯೆಂಟ್‌ನಲ್ಲಿ ಅದು ಎನ್‌ಎ (ಬೆಲೆ ಇಲ್ಲ) ಅಂತ ಉಳಿದಿರುತ್ತದೆ, ಸಾರದ ಮ್ಯಾಟ್ರಿಕ್ಸ್‌ನಲ್ಲಿ ಆ ಸಾಲೇ ಇರುವುದಿಲ್ಲ, ಅಲ್ಲಿಂದ ಕೆಳಗಿನ ಸಾಲುಗಳೆಲ್ಲ ಒಂದೊಂದು ಮೇಲೆ ಸರಿಯುತ್ತವೆ, ನೀವು ಮೂರನೇ ಸಾಲು ಅಂತ ಕೇಳಿದರೆ ಬೇರೆ ಯಾವುದೋ ವೇರಿಯಬಲ್‌ನ ಸಂಖ್ಯೆ ಬಂದು ಕೂರುತ್ತದೆ. ಎರರ್ ಕೂಡ ಬರುವುದಿಲ್ಲ, ಅದೇ ಕಷ್ಟ. ಹೆಸರು ಕೊಟ್ಟಿದ್ದರೆ ಕನಿಷ್ಠ ಎರರ್ ಆದರೂ ಬರುತ್ತಿತ್ತು ಅಲ್ವಾ?

ಆರ್ ಸ್ಕ್ವೇರ್ಡ್ ಸುಲಭ. ಸಾರ, ಡಾಲರ್, ಆರ್ ಚುಕ್ಕೆ ಸ್ಕ್ವೇರ್ಡ್: 0.7528. ಕಾನ್ಫಿಡೆನ್ಸ್ ಇಂಟರ್ವಲ್‌ಗೆ ಕಾನ್ಫಿಂಟ್ ಫಂಕ್ಷನ್ ಒಳಗೆ ನೇರ ಮಾಡೆಲ್ ಹಾಕಿ, ಸಾರ ಅಲ್ಲ.

ಇನ್ನು ಸಮ್ಮರಿ ಪರದೆ ಮೇಲೆ ತೋರಿಸುವ ಪಟ್ಟಿಯ ಕೊನೆ ಸಾಲಿನಲ್ಲಿ ಬರುವ, ಇಡೀ ಮಾಡೆಲ್‌ನ ಪಿ ವ್ಯಾಲ್ಯೂ. ಅದು ಕಣ್ಣಿಗೆ ಕಾಣುತ್ತದೆ, ಆದರೆ ಸಾರದೊಳಗೂ ಇಲ್ಲ, ಪ್ರಿಂಟ್ ಆಗುವಾಗ ಮಾತ್ರ ಲೆಕ್ಕ ಹಾಕಿ ತೋರಿಸುತ್ತದೆ. ಸಾರದಲ್ಲಿ ಎಫ್‌ಸ್ಟ್ಯಾಟಿಸ್ಟಿಕ್ ಅಂತ ಮೂರು ಸಂಖ್ಯೆ ಇವೆ, ನಮ್ಮ ಮಾಡೆಲ್‌ಗೆ 91.38, 1, 30. ಈ ಮೂರನ್ನೂ ಇದೇ ಕ್ರಮದಲ್ಲಿ ಪಿಎಫ್ ಫಂಕ್ಷನ್‌ಗೆ ಕೊಟ್ಟು, ಲೋಯರ್ ಚುಕ್ಕೆ ಟೇಲ್ ಅನ್ನು ಫಾಲ್ಸ್ ಮಾಡಿ. ಅದನ್ನು ಮರೆತರೆ ಉತ್ತರ 1ರ ಹತ್ತಿರ ಬರುತ್ತದೆ.